ಕೇಳದ ಕಿವಿಯ ಕಡೆಯ ಬಾಗಿಲು

ನಮ್ಮ ಭಾವನವರ ಎಡಗಿವಿ ಸುಟ್ಟು ಮುದುಡಿ, ಬಿಸಿಲಿಗೆ ಹಾಕಿ ಮರೆತ ಮೆಣಸಿನಕಾಯಿಯ ಹಾಗೆ ಒಳಕ್ಕೆ ಮಡಚಿಕೊಂಡಿತ್ತು. ಆ ಕಿವಿಯನ್ನು ನಾನು ಬಲ್ಲಷ್ಟು ಚೆನ್ನಾಗಿ ಅವರನ್ನು ಹೆತ್ತ ತಾಯಿಯೂ ಬಲ್ಲಳೋ ಇಲ್ಲವೋ. ಎಷ್ಟೋ ವರ್ಷ ನಾನು ಅವರಲ್ಲಿ ಕಂಡದ್ದು ಹೆಚ್ಚುಕಡಿಮೆ ಅದೊಂದನ್ನೇ. ಗಂಡನ ಅಣ್ಣನ ಎದುರಿಗೆ ಬಂದು ನಿಲ್ಲುವ ಪದ್ಧತಿ ಬಬಲೇಶ್ವರದ ನಮ್ಮ ಮನೆಯಲ್ಲಿ ಸೊಸೆಯಂದಿರಿಗೆ ಇರಲಿಲ್ಲ. ಅವರು ಪಡಸಾಲೆಯ ಗೋಡೆಗೊರಗಿ ಕೂತರೆ ಒಳಕೋಣೆಯ ಬಾಗಿಲು ಅವರ ಎಡಕ್ಕೆ ಬರುತ್ತಿತ್ತು. ಆ ಬಾಗಿಲ ಹಿಂದೆ ನಾನು. ಸಂದಿಯಿಂದ ಕಾಣುವುದು ಒಂದು ಕಿವಿ, ಅರ್ಧ ಮೀಸೆ, ಇಸ್ತ್ರಿ ಮಾಡಿದ ಅಂಗಿಯ ಒಂದು ತೋಳು. ಅವರು ಏನಾದರೂ ಕೇಳಿದರೆ ನಾನು ಬಾಯಿ ತೆರೆಯುವಂತಿಲ್ಲ, ಬಳೆ ಅಲುಗಿಸಬೇಕು. ಅಲುಗಿಸಿದರೆ ಹೌದು, ಸುಮ್ಮನಿದ್ದರೆ ಇಲ್ಲ.

ಭಾವನವರು ವಾಯುದಳದಲ್ಲಿ ವಿಮಾನ ನಡೆಸುತ್ತಿದ್ದವರು. ಒಮ್ಮೆ ಇಳಿಯುವಾಗ ವಿಮಾನಕ್ಕೆ ಬೆಂಕಿ ಹತ್ತಿ, ಜೀವ ಉಳಿದು ಎಡಗಿವಿ ಹೋಯಿತು. ಆ ಕಡೆ ನಿಂತು ಡೊಳ್ಳು ಬಾರಿಸಿದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಬಲಗಿವಿ ಮಾತ್ರ ನೆಟ್ಟಗಿತ್ತು. ನಾನು ಬಳೆ ಅಲುಗಿಸಿದಾಗ ಅವರು ಬಲಗಿವಿಗೆ ಅಂಗೈ ಹಿಡಿದು ಕೇಳಿಸಿಕೊಳ್ಳುವುದು ನನಗೆ ಸಂದಿಯಿಂದ ಕಾಣುತ್ತಿತ್ತು. ಒಂದು ಕಿವಿಯವನಿಗೆ ವಿಮಾನ ಕೊಡುವುದಿಲ್ಲವೆಂದು ವಾಯುದಳದವರು ಮನೆಗೆ ಕಳಿಸಿದ ವರ್ಷವೇ ನಾನು ಘೋಣಸಗಿಯಿಂದ ಆ ಮನೆಗೆ ಸೊಸೆಯಾಗಿ ಬಂದೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು.

ನನಗಿಂತ ಮೊದಲು ಆ ಬಾಗಿಲ ಹಿಂದೆ ಕೂರುತ್ತಿದ್ದವಳು ಭಾವನವರ ಹೆಂಡತಿ. ನಾನು ಅವಳನ್ನು ನೋಡಿಲ್ಲ, ಆದರೂ ಅಕ್ಕ ಅಂತಲೇ ಅನ್ನುತ್ತೇನೆ. ಭಾವನವರು ರಜೆಗೆ ಬಂದಾಗ ಪಡಸಾಲೆಯಲ್ಲಿ ಕೂತು, ಆಗಿನ್ನೂ ಬದುಕಿದ್ದ ತಮ್ಮ ಅಪ್ಪನಿಗೆ ವಿಮಾನದ ಸುದ್ದಿ ಹೇಳುವರಂತೆ. ಹಿರಿಯರ ಮುಂದೆ ಗಂಡ ಹೆಂಡಿರು ಮಾತಾಡುವ ಹಾಗಿಲ್ಲವಲ್ಲ, ಒಳಗಿನಿಂದ ಅಕ್ಕನ ಬಳೆ ಹೂಂಗುಡುವುದಂತೆ. ಅವಳು ಹೆರಿಗೆಯಲ್ಲಿ ಅದೇ ಒಳಕೋಣೆಯಲ್ಲಿ ತೀರಿಕೊಂಡಳು, ಕೂಸೂ ಉಳಿಯಲಿಲ್ಲ. ಭಾವನವರು ಎಲ್ಲೋ ದೂರದ ಠಾಣ್ಯದಿಂದ ಬಂದು ಮುಟ್ಟುವ ಹೊತ್ತಿಗೆ ಮಣ್ಣು ಒಣಗಿತ್ತು. ಇದನ್ನೆಲ್ಲ ನನಗೆ ಹೇಳಿದವಳು ಅತ್ತೆ, ಜೋಳ ಹಸನು ಮಾಡುತ್ತಾ, ತಲೆ ಎತ್ತದೆ.

ಮನೆಗೆ ಬಂದ ಮೇಲೆ ಭಾವನವರ ಮಾತು ನಿಂತಿತು. ಊಟಕ್ಕೆ ಕರೆದರೆ ಬರುವರು, ರೊಟ್ಟಿ ಹಾಕಿದರೆ ತಿನ್ನುವರು. ಹಳೆಯ ಅಭ್ಯಾಸಗಳು ಮಾತ್ರ ಬಿಟ್ಟಿರಲಿಲ್ಲ. ಹೊಸ್ತಿಲು ದಾಟುವ ಮೊದಲು ಆಕಾಶ ನೋಡುವರು. ವಿಜಾಪುರದ ಬಸ್ಸು ಹತ್ತುವ ಮೊದಲು ಅದರ ಸುತ್ತ ಒಂದು ಸುತ್ತು ಹಾಕಿ, ಗಾಲಿಗಳನ್ನು ಬೂಟುಗಾಲಿನಿಂದ ಒದ್ದು ನೋಡುವರು. ಕಂಡಕ್ಟರ್ ಒಂದು ದಿನ ತಡೆಯಲಾರದೆ, "ಸಾಹೇಬ್ರ, ಇದು ಹಾರೂದುಲ್ರಿ, ಹತ್ರಿ," ಅಂದನಂತೆ. "ಹಾರೂದುಲ್ಲ ಅಂತ ನಿನಗ ಗೊತ್ತೈತಿ, ಅದಕ್ಕ ಗೊತ್ತೈತೇನು?" ಅಂದು ಸುತ್ತು ಮುಗಿಸಿಯೇ ಹತ್ತಿದರಂತೆ. ಆ ತಿಂಗಳು ಅವರು ಆಡಿದ ದೊಡ್ಡ ಮಾತು ಅದೇ ಎಂದು ನಮ್ಮ ಮನೆಯವರು ನಗುತ್ತಾ ಹೇಳಿದರು. ಅತ್ತೆ ನಗಲಿಲ್ಲ. ಮಗ ಮಧ್ಯಾಹ್ನ ಹೊಲದ ಬಾವಿಯ ದಂಡೆಯ ಮೇಲೆ ತಾಸುಗಟ್ಟಲೆ ಕೂರುವುದನ್ನು ಅವಳು ನೋಡಿದ್ದಳು.

ದಿಲ್ಲಿಯಲ್ಲಿ ಆಗ ಟೆಲಿವಿಷನ್ ಹೊಸದಾಗಿ ಶುರುವಾಗಿತ್ತು. ವಾಯುದಳದ ಹಳೆಯ ಗೆಳೆಯರೊಬ್ಬರು ಅಲ್ಲಿಗೆ ಇವರ ಹೆಸರು ಹೇಳಿದ್ದರು. ವಾರಕ್ಕೊಮ್ಮೆ ಹಾರಾಟ, ಮೋಡ, ಗಾಳಿಯ ವಿಷಯವನ್ನು ಮಕ್ಕಳಿಗೆ ತಿಳಿಯುವಂತೆ ಹಿಂದಿಯಲ್ಲಿ ಹೇಳಬೇಕು, ಅತಿಥಿಗಳನ್ನು ಕೂರಿಸಿಕೊಂಡು ಮಾತಾಡಿಸಬೇಕು. ಭಾವನವರು ಪರೀಕ್ಷೆಗೆ ಹೋಗಿ, ಸೋತು ಬಂದರು. ಊಟಕ್ಕೆ ಕೂತಾಗ ತಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು.

"ಕಣ್ಣ ಕುಕ್ಕೂ ಹಂಗ ಬೆಳಕ ಹಾಕ್ತಾರ. ಎದರಿಗೆ ಒಂದ ಗಾಜಿನ ಕಣ್ಣ, ಅಷ್ಟ. ಅದರ ಜೋಡಿ ಮಾತಾಡಂತಾರ. ನನ್ನ ನಾಲಿಗೀನ ಏಳಲಿಲ್ಲ ನೋಡು. ಯಾರಿಗಂತ ಹೇಳೂದು?"

"ಎದರಿಗೆ ಯಾರೂ ಇಲ್ದ ಮಾತಾಡವ್ರಿಗೆ ನಮ್ಮೂರಾಗ ಬ್ಯಾರೆ ಹೆಸರೈತಿ," ಅಂದಳು ಅತ್ತೆ. ಹಾಗಂದವಳೇ, ಇನ್ನೊಂದು ಸಲ ಕರೆದಿದ್ದಾರೆಂದು ಕೇಳಿ ತಟ್ಟೆ ಕೆಳಗಿಟ್ಟಳು. ಇದೂ ಹೋದರೆ ಮಗನಿಗೆ ಉಳಿಯುವುದು ಬಾವಿಯ ದಂಡೆ ಎಂದು ಅವಳಿಗೆ ಗೊತ್ತಿತ್ತು, ನಮಗೂ ಗೊತ್ತಿತ್ತು. ಮರುದಿನ ಮಧ್ಯಾಹ್ನ ನನ್ನನ್ನು ಒಳಕೋಣೆಗೆ ಕರೆದಳು. "ನೀ ಇಲ್ಲಿ ಕುಂದ್ರು. ಅಂವ ಅಲ್ಲಿ ಕುಂತ ಹೇಳ್ತಾನ. ತಿಳೀತಂದ್ರ ಬಳಿ ಅಲುಗಸು. ತಿಳೀಲಿಲ್ಲಂದ್ರ ಸುಮ್ಕಿರು. ಮರ್ಯಾದಿಗೆ ಅಂತ ಅಲುಗಸಬ್ಯಾಡ ಮತ್ತ."

ಹೀಗೆ ನಾನು ಭಾವನವರ ಮೊದಲ ಪ್ರೇಕ್ಷಕಿಯಾದೆ, ಅವರ ಮುಖವನ್ನೇ ನೋಡದೆ. ಅವರು ಎದುರು ಗೋಡೆಯ ದೀಪದ ಮಾಡವನ್ನೇ ಗಾಜಿನ ಕಣ್ಣೆಂದು ಇಟ್ಟುಕೊಂಡು ಮಾತಾಡುವರು. ಮೋಡದೊಳಗೆ ಹೊಕ್ಕರೆ ಹೇಗಿರುತ್ತದೆ, ಮೇಲಿನಿಂದ ಗೋಳಗುಮ್ಮಟ ಹೇಗೆ ಕವುಚಿಟ್ಟ ಬಟ್ಟಲಿನಷ್ಟಾಗುತ್ತದೆ, ಟಿಕೋಟದ ಕಡೆಯ ಕರಿಹೊಲಗಳ ಮೇಲೆ ಬಿಸಿಗಾಳಿ ಎದ್ದು ವಿಮಾನವನ್ನು ಹೇಗೆ ಎತ್ತಿಹಾಕುತ್ತದೆ. ಪ್ರತಿ ಮಾತಿನ ಕೊನೆಗೆ "ತಿಳೀತೇನವ್ವಾ?" ಎಂದು ನಿಲ್ಲುವರು. ನಾನು ಬಳೆ ಅಲುಗಿಸದಿದ್ದರೆ ಬೇಸರಪಡದೆ ಮತ್ತೊಂದು ರೀತಿಯಲ್ಲಿ ಹೇಳುವರು. ಆ ಮನೆಯಲ್ಲಿ ಅಲ್ಲಿಯವರೆಗೆ ನನಗೆ ಕೆಲಸ ಹೇಳಿದವರಿದ್ದರು, ಲೋಕದ ಸುದ್ದಿ ಹೇಳಿದವರು ಯಾರೂ ಇರಲಿಲ್ಲ. ಮಧ್ಯಾಹ್ನ ಯಾವಾಗ ಆದೀತೆಂದು ನಾನು ಕಾಯತೊಡಗಿದ್ದೆ, ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ಒಂದು ದಿನ ತವರಿನಲ್ಲಿ ಅಪ್ಪನಿಗೆ ಮೈಯಲ್ಲಿ ಚೆನ್ನಾಗಿಲ್ಲವೆಂದು ಹೇಳಿಕಳಿಸಿದರು. ನಸುಕಿನಲ್ಲೇ ಎದ್ದು, ಭಾವನವರು ಏಳುವ ಮೊದಲೇ ಘೋಣಸಗಿಗೆ ಹೋದೆ. ಮರುದಿನ ಮಧ್ಯಾಹ್ನ ಹಿತ್ತಿಲ ಕಡೆಯಿಂದ ಬಂದು, ಕಾಲು ತೊಳೆದು, ಬಾಗಿಲ ಹಿಂದೆ ಕೂತೆ.

ಭಾವನವರು ಅಂದು ಗೆಲುವಾಗಿದ್ದರು. "ನಿನ್ನೆ ಛಲೋ ಕೇಳಿದಿ ನೋಡವ್ವಾ. ಒಂದ ಸಲಾನೂ ಎರಡನೇ ಮಾತ ಹೇಳಸಲಿಲ್ಲ."

ನನ್ನ ಕೈ ಮೊಳಕಾಲ ಮೇಲೆ ಹಾಗೇ ನಿಂತಿತು. ಸಂಜೆ ಕೊಟ್ಟಿಗೆಯಲ್ಲಿ ದನಕ್ಕೆ ಮೇವು ಹಾಕುತ್ತಿದ್ದ ಅತ್ತೆಯನ್ನು ಹಿಡಿದು ಕೇಳಿದೆ, "ಅತ್ತೀ, ನಿನ್ನೆ ಒಳಗ ಯಾರ ಕುಂತಿದ್ರಿ?"

ಅತ್ತೆ ಮೇವಿನ ಸಿವುಡು ಬಿಚ್ಚುತ್ತಲೇ ಇದ್ದಳು. "ಬಳಿ ಸಪ್ಪಳ ನಾನೂ ಕೇಳೀನಿ. ನೀನ ಲಗೂ ತಿರಗಿ ಬಂದೀ ಅಂತ ತಿಳಕೊಂಡು ಚಾ ತಗೊಂಡ ಹೋದ್ನಿ. ಒಳಗ ಯಾರೂ ಇರಲಿಲ್ಲ." ಇನ್ನೊಂದು ಸಿವುಡಿಗೆ ಕೈಹಾಕಿ ಅಂದಳು, "ಚಾ ಅಲ್ಲೇ ಇಟ್ಟ ಬಂದ್ನಿ. ಇದನ್ನ ಅವಗ ಹೇಳಬ್ಯಾಡ. ಅಂವ ಈಗ ಮಾತಾಡಾಕತ್ತಾನ."

ನಾನು ಹೇಳಲಿಲ್ಲ. ಆದರೆ ಆಮೇಲೆ ಬಾಗಿಲ ಹಿಂದೆ ಕೂರುವಾಗ ಗೋಡೆಗೆ ಬೆನ್ನು ಆನಿಸಿಯೇ ಕೂರುತ್ತಿದ್ದೆ. ಕೆಲವು ಸಲ ನಾನು ಕೈ ಎತ್ತುವ ಮೊದಲೇ ಭಾವನವರು ತಲೆದೂಗಿ ಮುಂದಕ್ಕೆ ಹೋಗಿಬಿಡುವರು. ಅಂಥ ಹೊತ್ತಿನಲ್ಲಿ ಅವರು ಬಲಗಿವಿಗೆ ಅಂಗೈ ಹಿಡಿಯುತ್ತಿರಲಿಲ್ಲ. ತಲೆಯನ್ನು ಎಡಕ್ಕೆ, ಬಾಗಿಲ ಕಡೆಗೆ, ಚೂರು ವಾಲಿಸುವರು. ಆ ಮುದುಡಿದ ಕಿವಿ ನನ್ನ ಕಡೆಗೆ ಬಾಗುವುದು. ಅದು ಕೇಳದ ಕಿವಿ ಎಂದು ನೆನಪಾದಾಗ ನಾನು ನನ್ನ ಬಳೆಗಳನ್ನು ಅಲುಗದಂತೆ ಹಿಡಿದುಕೊಳ್ಳುತ್ತಿದ್ದೆ.

ಭಾವನವರು ಎರಡನೆಯ ಸಲ ದಿಲ್ಲಿಗೆ ಹೋದರು, ಗೆದ್ದರು, ಅಲ್ಲೇ ಉಳಿದರು. ವಾರಕ್ಕೊಮ್ಮೆ ಅವರ ಕಾರ್ಯಕ್ರಮ. ನಮಗೆ ಅದರಿಂದ ಬಂದ ಭಾಗ್ಯವೇನು? ಬಬಲೇಶ್ವರದಲ್ಲಿರಲಿ, ಇಡೀ ವಿಜಾಪುರದಲ್ಲೂ ಟೆಲಿವಿಷನ್ ಇರಲಿಲ್ಲ. "ನಿಮ್ಮ ಭಾವ ಪೆಟಗಿ ಒಳಗ ಕುಂತ ಮಾತಾಡ್ತಾನಂತ, ಹೌದೇನ?" ಎಂದು ಕಾಖಂಡಕಿಯ ಬೀಗರು ಕೇಳಿದರು. ಹೌದು ಅಂದೆ. "ಊಟಕ್ಕರ ಹೊರಗ ಬಿಡ್ತಾರಿಲ್ಲ ಮತ್ತ?" ಅಂದರು. ದಿಲ್ಲಿಯ ಹುಡುಗರು ಬೀದಿಯಲ್ಲಿ ಅವರನ್ನು ಕಂಡರೆ "ತಿಳೀತೇನವ್ವಾ!" ಎಂದು ಕೂಗುತ್ತಾರೆಂದು ನಮ್ಮ ಮನೆಯವರು ಹೇಳಿದಾಗ ಮಾತ್ರ ನಾನು ಒಳಗೆ ಹೋಗಿ ಕಣ್ಣೊರೆಸಿಕೊಂಡೆ. ಹಿಂದಿಯಲ್ಲಿ ಎಲ್ಲ ಹೇಳಿ ಮುಗಿಸಿ, ಕೊನೆಗೆ ಅದೊಂದನ್ನು ನಮ್ಮ ಮಾತಿನಲ್ಲೇ ಕೇಳುತ್ತಿದ್ದರಂತೆ. ದಕ್ಷಿಣದವರ ನಮಸ್ಕಾರ ಅದು ಎಂದು ಅಲ್ಲಿಯ ಮಂದಿ ತಿಳಿದಿದ್ದರು.

ಕೆಲವು ವರ್ಷಗಳಾದ ಮೇಲೆ ನಾವು ಗಂಡ ಹೆಂಡತಿ ದಿಲ್ಲಿಗೆ ಹೋದೆವು. ರೈಲಿನ ನೂಕಾಟದಲ್ಲಿ ನನ್ನ ಗಾಜಿನ ಬಳೆಗಳೆಲ್ಲ ಒಡೆದು, ಕೈಗೊಂದೊಂದು ಉಳಿದಿದ್ದವು. ಕಾರ್ಯಕ್ರಮದ ಸಂಜೆ ನಮ್ಮ ಮನೆಯವರು ನನ್ನನ್ನು ಭಾವನವರ ಮನೆಯಿದ್ದ ಓಣಿಯ ಶಾಲೆಯ ದೊಡ್ಡ ಕೋಣೆಗೆ ಕರೆದುಕೊಂಡು ಹೋದರು. ಮಂದಿಯೆಲ್ಲ ಚಾಪೆಯ ಮೇಲೆ ಕೂತಿದ್ದರು. ಪೆಟ್ಟಿಗೆಯ ಗಾಜು ಬೆಳಗಿತು, ಭಾವನವರು ಬಂದರು. ಮೊದಲ ಸಲ ಅವರ ಇಡೀ ಮುಖ! ಎರಡೂ ಕಣ್ಣು, ಪೂರ್ತಿ ಮೀಸೆ, ನೇರ ನನ್ನನ್ನೇ ನೋಡುತ್ತಾ. ನನಗೆ ಏನಾಯಿತೋ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎದ್ದು, ಮಂದಿಯ ಕಾಲು ತುಳಿಯುತ್ತಾ ಹೋಗಿ ಕೋಣೆಯ ಬಾಗಿಲ ಹಿಂದೆ ನಿಂತುಬಿಟ್ಟೆ. ಮಕ್ಕಳು ಕಿಸಕ್ಕೆಂದು ನಕ್ಕವು. ನಗಲಿ. ಅವರು ನನ್ನ ಗಂಡನ ಅಣ್ಣ, ಪೆಟ್ಟಿಗೆಯಲ್ಲಿದ್ದರೇನು?

ಸಂದಿಯಿಂದ ನೋಡುತ್ತಾ ನಿಂತೆ. ಹಿಂದಿ ನನಗೆ ಅಷ್ಟಾಗಿ ತಿಳಿಯಲಿಲ್ಲ, ಆದರೆ ಅವರು ನಿಲ್ಲುವ ಜಾಗಗಳೆಲ್ಲ ನನಗೆ ಗೊತ್ತಿದ್ದವು. ಕೊನೆಗೆ ಅವರು ನಮ್ಮ ಮಾತಿನಲ್ಲಿ ಕೇಳಿದರು, "ತಿಳೀತೇನವ್ವಾ?" ಮಾತು ನಿಲ್ಲಿಸಿ ಕಾದರು.

ನಾನು ಕೈ ಅಲುಗಿಸಿದೆ. ಒಂಟಿ ಬಳೆ ಹೇಗೆ ಸದ್ದು ಮಾಡೀತು? ಭಾವನವರು ಕಾಯುತ್ತಲೇ ಇದ್ದರು. ಅವರಿಗೆ ನಾನು ಬಂದದ್ದು ಕಾಣದೆಂದು ಗೊತ್ತಿದ್ದೂ ಮತ್ತೆ ಮತ್ತೆ ಕೈ ಕೊಡವಿದೆ, ಇಷ್ಟು ದೂರ ಬಂದು ಉತ್ತರ ಕೊಡಲಾರದೆ ಹೋದೆನಲ್ಲ ಎಂದು. ಆಗ ನನ್ನ ಪಕ್ಕದಲ್ಲೇ, ತೋಳಿಗೆ ತಾಗುವಷ್ಟು ಹತ್ತಿರ, ಕೈತುಂಬಿದ ಗಾಜಿನ ಬಳೆಗಳು ಒಮ್ಮೆ ಅಲುಗಿದವು. ಕೂತವರಲ್ಲಿ ಇಬ್ಬರು ಮೂವರು ತಿರುಗಿ ಬಾಗಿಲ ಕಡೆ ನೋಡಿದರು. ಪೆಟ್ಟಿಗೆಯಲ್ಲಿ ಭಾವನವರು ತಲೆಯನ್ನು ಎಡಕ್ಕೆ ವಾಲಿಸಿ, ನಕ್ಕು, ತಲೆದೂಗಿದರು. ನನ್ನ ಪಕ್ಕದಲ್ಲಿ ಸುಣ್ಣ ಬಳಿದ ಗೋಡೆಯ ಹೊರತು ಏನೂ ಇರಲಿಲ್ಲ.

ಅಂದು ರಾತ್ರಿ ಭಾವನವರು ಮನೆಗೆ ಬಂದು ಕೂತಾಗ ನಮ್ಮ ಮನೆಯವರು ಹಾಲು ತರಲು ಹೋಗಿದ್ದರು. ಅಡಿಗೆಮನೆಯ ಪರದೆಯ ಹಿಂದಿನಿಂದ, ಜನ್ಮದಲ್ಲಿ ಮೊದಲ ಸಲ, ನಾನು ಅವರೊಡನೆ ಬಾಯಿಬಿಟ್ಟು ಮಾತಾಡಿದೆ. ಇನ್ನು ತಡೆಯುವುದು ನನ್ನಿಂದ ಆಗುತ್ತಿರಲಿಲ್ಲ.

"ಭಾವಾರ, ಅವತ್ತ ಒಂದಿನ ನಾ ಘೋಣಸಗ್ಯಾಗ ಇದ್ನಿರಿ. ಒಳಗ ಇರಲಿಲ್ರಿ. ಇವತ್ತೂ ನನ್ನ ಬಳಿ ಸಪ್ಪಳ ಆಗಿಲ್ರಿ."

ಅವರ ದನಿ ಬಂತು, ಮೋಡದ ಪಾಠ ಹೇಳುವಾಗಿನ ಅದೇ ಸಮಾಧಾನದ ದನಿ. "ಗೊತ್ತೈತೆವ್ವಾ. ನಿನ್ನ ಬಳಿ ಈ ಕಿವಿಗೆ ಕೇಳಸ್ತಾವ," ಎಂದು ಬಲಗಿವಿ ಮುಟ್ಟಿಕೊಂಡರು. ಪರದೆಯ ಅಂಚಿನಿಂದ ನನಗೆ ಕಂಡಿತು. "ಆಕೀವು ಈ ಕಿವಿಗೆ." ಬೆರಳು ಆ ಸುಟ್ಟ ಕಿವಿಯ ಮೇಲೆ ನಿಂತಿತು. "ಅಂಜಬ್ಯಾಡ. ಆಕಿ ಇದ್ದಾಗ ನಾ ಆಕೀ ಜೋಡಿ ಮನಸ್ಸ ಬಿಚ್ಚಿ ಮಾತಾಡಲಿಲ್ಲ. ಈಗ ವಾರಕ್ಕೊಮ್ಮೆ ಮಾತಾಡ್ತೀನಿ. ದಿಲ್ಲಿ ಮಂದಿ ಕೇಳಸ್ಕೊತಾರ, ಅಷ್ಟ."

ನಾನು ಅಂಜಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅವರ ಮೇಲೆ ನನಗೆ ಅಂದು ಹುಟ್ಟಿದ ಅಕ್ಕರೆ ಆ ಅಂಜಿಕೆಗಿಂತ ದೊಡ್ಡದು. ನಾನು ಪರೀಕ್ಷೆಗೆ ಕಟ್ಟಿ ಮಾಸ್ತರಿಕೆ ಕಲಿತದ್ದು ಅವರ ಒತ್ತಾಯದಿಂದ. ಜೈನಾಪುರದ ಶಾಲೆಯಲ್ಲಿ ಮೊದಲ ದಿನ ನನ್ನ ನಾಲಗೆ ಏಳದಿದ್ದಾಗ ನೆನಪಾದದ್ದು ಅವರು ರಜೆಗೆ ಬಂದಾಗ ಬಾಗಿಲಿಗೆ ಹೇಳಿದ ಮಾತು: "ಎಲ್ಲಾರಿಗೂ ಹೇಳಾಕ ಹೋಗಬ್ಯಾಡವ್ವಾ. ಒಬ್ಬರಿಗೆ ಹೇಳು. ಅವ್ರಿಗೆ ತಿಳೀದ ಮುಂದ ಹೋಗಬ್ಯಾಡ." ನಿವೃತ್ತಿಯವರೆಗೂ ನಾನು ಪಾಠ ಮಾಡಿದ್ದು ಹಾಗೆಯೇ.

ಅರವತ್ತರ ದಶಕ ಮುಗಿಯುವ ಮೊದಲೇ ಭಾವನವರು ಎದೆನೋವೆಂದು ಊರಿಗೆ ಬಂದರು. ಬೆಳಿಗ್ಗೆ ಹೊಸ್ತಿಲಲ್ಲಿ ನಿಂತು ಆಕಾಶ ನೋಡಿ, ಒಳಗೆ ಬಂದು ಕೂತು, ಕೂತಲ್ಲೇ ಹೋದರು. ನಮ್ಮಲ್ಲಿ ತೀರಿಕೊಂಡವರನ್ನು ಗೋಡೆಗೆ ಆನಿಸಿ ಕೂಡಿಸುತ್ತಾರೆ. ಪಡಸಾಲೆಯಲ್ಲಿ ಅವರ ಎಂದಿನ ಜಾಗದಲ್ಲೇ ಕೂಡಿಸಿದರು. "ಇವತ್ತರ ಎದರಿಗೆ ಬಾ ಯವ್ವಾ," ಎಂದು ಅತ್ತೆ ನನ್ನ ಕೈ ಹಿಡಿದು ಹೊರಗೆ ಕರೆತಂದಳು. ಸೆರಗು ಎಳೆದುಕೊಳ್ಳದೆ ನಾನು ಆ ಮುಖವನ್ನು ನೋಡಿದೆ.

ತಲೆ ಎಡಕ್ಕೆ ವಾಲಿತ್ತು. ಹಿರಿಯರೊಬ್ಬರು ನೆಟ್ಟಗೆ ಮಾಡಿ ವಸ್ತ್ರ ಕಟ್ಟಿದರು. ಮತ್ತೆ ವಾಲಿತು. ಇನ್ನೊಬ್ಬರು ಬಂದು ದಿಂಬು ಕೊಟ್ಟು ನಿಲ್ಲಿಸಿದರು. ಅದನ್ನೂ ಸರಿಸಿ ಆ ಮುದುಡಿದ ಕಿವಿ ಒಳಕೋಣೆಯ ಬಾಗಿಲ ಕಡೆಗೇ ಬಾಗಿತು.

"ಬಿಡ್ರಿ ಅವನ್ನ," ಅಂದಳು ಅತ್ತೆ. "ಕೇಳಾಕತ್ತಾನ."

ಬಾಗಿಲ ಹಿಂದೆ ಅಂದು ನಾನು ಇರಲಿಲ್ಲ. ಎಲ್ಲರ ಜೊತೆ ಅವರ ಎದುರಿಗೇ ನಿಂತಿದ್ದೆ.