ಅಫ್ಸರನ ಗಿಟಾರು, ನಮ್ಮ ಬಾವಿಯ ನೀರು

ನನ್ನ ಅಣ್ಣನ ಮಗ ಸಂಪತ್ ಕುಮಾರ ಈಗ ಬೆಂಗಳೂರಿನಲ್ಲಿ ರಾಕ್ ಸಂಗೀತ ನುಡಿಸುವವನು. ಕರೆಂಟಿನ ಗಿಟಾರು ಹಿಡಿದು ಅವನು ನಿಂತರೆ ಎದೆಯೊಳಗೆ ಗುಡುಗು ಉರುಳಿದ ಹಾಗಾಗುತ್ತದೆ. ಎಲ್ಲಿ ಕಲಿತೆ ಎಂದು ಕೇಳಿದವರಿಗೆ ಮದ್ದೂರಿನ ಸೈಕಲ್ ಶಾಪಿನಲ್ಲಿ ಎನ್ನುತ್ತಾನೆ. ಮನೆಯಲ್ಲೇಕೆ ಕಲಿಯಲಿಲ್ಲ ಎಂಬುದನ್ನು ಅವನು ಯಾರಿಗೂ ಹೇಳಿಲ್ಲ. ಹೇಳಬೇಕಾದವಳು ನಾನು.

ತಾಯಿಯಿಲ್ಲದ ಮಗು. ಅಣ್ಣ ರಾಮಾನುಜ, ದೇವಸ್ಥಾನದ ಅರ್ಚಕ. ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದ ನಾನೇ ಸಾಕಿದೆ. ಐದು ವರ್ಷಕ್ಕೇ ಅಪ್ಪನ ಪಕ್ಕ ಕೂತು ಆಳ್ವಾರರ ಪಾಶುರ ಹೇಳುತ್ತಿದ್ದ, ರಾಗ ಆಚೀಚೆ ಆಗುತ್ತಿರಲಿಲ್ಲ. ಮಂಡ್ಯದ ಕಾಲೇಜಿಗೆ ಸೇರಿದ ಮೇಲೆ ಸಂಜೆ ರೈಲಿಳಿದವನು ನೇರ ಅಫ್ಸರ್ ಪಾಷಾನ ಸೈಕಲ್ ಶಾಪಿಗೆ ಹೋಗುತ್ತಿದ್ದ. ಅಲ್ಲಿ ರೇಡಿಯೋದಲ್ಲಿ ಇಂಗ್ಲಿಷ್ ಹಾಡು ಬರುತ್ತಿತ್ತು, ಗೋಡೆಯ ಮೇಲೊಂದು ಗಿಟಾರಿತ್ತು. ಬೆಂಗಳೂರು ದಂಡಿನಲ್ಲಿ ಬ್ಯಾಂಡು ನುಡಿಸುತ್ತಿದ್ದ ಅಫ್ಸರನ ಚಿಕ್ಕಪ್ಪ ಸಾಯುವಾಗ ಕೊಟ್ಟದ್ದಂತೆ. ಸಂಪತ್ತು ಅದನ್ನು ಬೆರಳು ಸೀಳುವವರೆಗೆ ಮೀಟುತ್ತಿದ್ದ. ನನಗೆ ಗೊತ್ತಾದದ್ದು, ಸಾರನ್ನ ಕಲಸಲು ಹೋಗಿ ಉರಿ ಎಂದು ಅವನು ಕೈ ಹಿಂದೆಳೆದಾಗ.

ಎಪ್ಪತ್ತಾರೋ ಎಪ್ಪತ್ತೇಳೋ, ಶಿವರಾತ್ರಿ ಕಳೆದಿತ್ತು. ಶನಿವಾರ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಅವನು ಮೊದಲ ಸಲ ಜನರೆದುರು ನುಡಿಸುವುದಿತ್ತು. ಅಣ್ಣ ಉಪನಯನವೊಂದಕ್ಕೆ ಮಳವಳ್ಳಿಗೆ ಹೋಗಿದ್ದನಾದ್ದರಿಂದ ಗುರುವಾರ ಸಂಪತ್ತು ಗಿಟಾರನ್ನು ಮನೆಗೇ ತಂದ. ನಡುಮನೆಯಲ್ಲಿ ಕೂತು ನುಡಿಸಿದ. ಕಂಬಕ್ಕೊರಗಿ ಕೇಳಿದೆ. ಚೆನ್ನಾಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ.

ಮಾರನೆಯ ದಿನ ಏಕಾದಶಿ. ಅವನು ಕಾಲೇಜಿಗೆ ಹೋದ. ಸಾಬರ ಮನೆಯ ವಸ್ತು ನಡುಮನೆಯಲ್ಲಿಟ್ಟುಕೊಂಡು ದೇವರ ಮುಂದೆ ಹೇಗೆ ಕೂರುವುದು? ಹೊರಗಿನ ಪಾತ್ರೆಯಾದರೆ ಹುಣಸೆಹಣ್ಣು ಹಚ್ಚಿ ತೊಳೆಯುತ್ತೇವೆ, ಸೀರೆಯಾದರೆ ಜಾಲಿಸುತ್ತೇವೆ. ಇದಕ್ಕೂ ಹಾಗೇ ಅಂದುಕೊಂಡೆ. ನೀರು ಸೇದಿ, ತುಳಸೀದಳ ಹಾಕಿ, ಮೇಲೆ ಮೂರು ಚೊಂಬು ಸುರಿದೆ. ತೂತಿನೊಳಕ್ಕೂ ಒಂದು ಚೊಂಬು ಹೊಯ್ದೆ. ಹಿತ್ತಲಲ್ಲಿ ಬಿಸಿಲಿಗಿಟ್ಟೆ. ಸಂಜೆಯ ಹೊತ್ತಿಗೆ ಅಂಟು ಬಿಟ್ಟು ಬೆನ್ನಿನ ಹಲಗೆ ಹಪ್ಪಳದ ಹಾಗೆ ಎದ್ದಿತ್ತು.

ಸಂಪತ್ತು ಬಂದು ನೋಡಿದ. ತೊಳೆದಿರಾ ಎಂದು ಕೇಳಿದ. ಮಡಿ ಮಾಡಿದೆ ಎಂದೆ. ಅವನು ಅದನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಹೊರಟ. ಮನಸ್ಸು ತಡೆಯದೆ ಹಿಂದೆಯೇ ಹೋಗಿ, ಶಾಪಿನ ಪಕ್ಕದ ಬೀದಿ ನಲ್ಲಿಯ ಮರೆಯಲ್ಲಿ ನಿಂತೆ. ಮಳೆಯಲ್ಲಿ ನೆನೆಯಿತು, ತಾನೇ ಹೊರಗಿಟ್ಟಿದ್ದೆ ಎಂದು ಅವನು ಹೇಳುವುದು ಕೇಳಿಸಿತು.

"ಮದ್ದೂರ್ಗೆ ಮಳೆ ಉಯ್ದು ಮೂರ್ ತಿಂಗ್ಳಾಯ್ತು ಕಣ್ಲಾ," ಎಂದ ಅಫ್ಸರ್. "ನಿಮ್ಮನೆ ಮ್ಯಾಲ್ ಮಾತ್ರ ಉಯ್ತಾ?"

ಅಫ್ಸರ್ ಗಿಟಾರನ್ನು ಬೋರಲು ಮಾಡಿ ಕೊಡವಿದ. ಉಳಿದ ನೀರಿನ ಜೊತೆ ಒಂದು ತುಳಸೀದಳ ಬಿತ್ತು.

"ಮಳೇಲಿ ತುಳ್ಸಿನೂ ಬಿತ್ತೇನ್ಲಾ?"

ನಗುತ್ತಲೇ ಕೇಳಿದವನು ಆಮೇಲೆ ನಗಲಿಲ್ಲ. ಬಗ್ಗಿ ಆ ದಳವನ್ನು ಎತ್ತಿಕೊಂಡು, ಯಾರೂ ತುಳಿಯದ ಹಾಗೆ ರೇಡಿಯೋದ ಮೇಲಿಟ್ಟ.

ಅದನ್ನು ನೋಡಿದ ಮೇಲೆ ಮರೆಯಲ್ಲಿ ನಿಲ್ಲಲಾಗಲಿಲ್ಲ. ಮುಂದೆ ಬಂದು, ಅವನ ತಪ್ಪಿಲ್ಲ, ತೊಳೆದದ್ದು ನಾನು ಎಂದೆ. ಏಕೆ ಎಂದು ಅಫ್ಸರ್ ಕೇಳಲಿಲ್ಲ.

"ಗೊತ್ತಾಯ್ತು ಬುಡಿ ಗೋದಮ್ಮೋರೆ. ಈ ಕಡೆ ಅಮುಕಿ ಇಡ್ಕಳಿ, ಅಂಟು ಆಕ್ಬೇಕು."

ಹಿಡಿದುಕೊಂಡೆ. ಅವನು ಅಂಟು ಸವರಿ, ಹಳೆಯ ಸೈಕಲ್ ಟ್ಯೂಬುಗಳಿಂದ ಬಿಗಿದು ಕಟ್ಟಿದ. ಅವನ ಬೆರಳು ನನ್ನ ಬೆರಳಿಗೆ ತಾಗಿತು.

ಇಷ್ಟಾಗಿಯೂ ಮನೆಗೆ ಬಂದವಳೇ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಹೊಯ್ದುಕೊಂಡೆ. ಯೋಚಿಸಿ ಮಾಡಿದ್ದಲ್ಲ, ಕೈಗೆ ಕೂತ ಅಭ್ಯಾಸ. ಮುಖ ಒರೆಸಿಕೊಂಡು ತಿರುಗಿದರೆ ಹಿತ್ತಲ ಬಾಗಿಲಲ್ಲಿ ಸಂಪತ್ತು.

"ನಾನೂ ಅಲ್ಲಿಂದ್ಲೇ ಬಂದೆ ಅತ್ತೆ," ಎಂದ. "ನನ್ನ ಮೇಲೂ ಒಂದು ಚೊಂಬು ಸುರೀರಿ."

ಶನಿವಾರ ಟ್ಯೂಬು ಕಟ್ಟಿದ ಗಿಟಾರಿನಲ್ಲೇ ಮಂಡ್ಯದಲ್ಲಿ ನುಡಿಸಿದನಂತೆ. ಹುಡುಗರು ಕೂತಿದ್ದ ಬೆಂಚು ಬಡಿದರಂತೆ. ಪಕ್ಕದ ಮನೆಯ ಚೂಡಾಮಣಿ ಹೇಳಿ ನನಗೆ ತಿಳಿಯಿತು. ಅವನು ಮತ್ತೆಂದೂ ಗಿಟಾರನ್ನು ಮನೆಗೆ ತರಲಿಲ್ಲ. ಕಲಿತದ್ದೆಲ್ಲ ಶಾಪಿನಲ್ಲೇ.

ಮನೆಯಲ್ಲಿ ಬಾವಿಯಿದ್ದರೂ ನಾನು ಸಂಜೆ ಕೊಡ ಹಿಡಿದು ಬೀದಿ ನಲ್ಲಿಗೆ ಹೋಗತೊಡಗಿದೆ. ಅವನ ಗಿಟಾರು ಅಲ್ಲಿಗೆ ಕೇಳಿಸುತ್ತಿತ್ತು. ಕೊಡ ತುಂಬಿ ಚೆಲ್ಲುತ್ತಿದ್ದರೂ ನಿಂತೇ ಇರುತ್ತಿದ್ದೆ. ಅಫ್ಸರನಿಗೆ ಅದು ಕಂಡಿತ್ತೇನೋ, ಒಂದು ದಿನ ಶಾಪಿನ ಹೊರಗೆ ನನಗಾಗಿ ಒಂದು ಸ್ಟೂಲು ಹಾಕಿಸಿದ.

ನಾನು ಕೂರಲಿಲ್ಲ.