ಬಿಚ್ಚದೆ ಒತ್ತಿದ ಮೊಹರು

ನಮ್ಮ ಗುರುಬಸಪ್ಪ ಮಾಮಾನ ಬಲಗೈ ಹೆಬ್ಬೆರಳು ಯಾವಾಗಲೂ ಕೆಂಪಾಗಿರುತ್ತಿತ್ತು. ಉಗುರಿನ ಸಂದಿಯಲ್ಲಿ ಅರಗು ಸೇರಿಕೊಂಡು ತಿಕ್ಕಿದರೂ ತೊಳೆದರೂ ಹೋಗುತ್ತಿರಲಿಲ್ಲ. ಬಿಸಿ ಅರಗು ಬಿದ್ದು ಬಿದ್ದು ತುದಿಯ ಚರ್ಮ ಎಷ್ಟು ದಡ್ಡುಗಟ್ಟಿತ್ತೆಂದರೆ, ಕೆಂಡದ ಮೇಲಿನ ರೊಟ್ಟಿಯನ್ನು ಆ ಬೆರಳಿನಿಂದಲೇ ಹೊರಳಿಸುತ್ತಿದ್ದ. ನಮ್ಮಜ್ಜಿ ಮಗನನ್ನು ಕಾಡಿಸುತ್ತಿದ್ದಳು: "ಎಲ್ಲಾರೂ ಲಗ್ನದಾಗ ಮದರಂಗಿ ಹಚ್ಕೋತಾರ. ನನ್ನ ಮಗಗ ವರ್ಷಾನಗಟ್ಲೆ ಮದರಂಗಿ ನೋಡ್ರವ್ವಾ."

ಮಾಮಾ ನನ್ನ ತಾಯಿಯ ತಮ್ಮ. ಜತ್ತ ಸಂಸ್ಥಾನದ ಜಕಾತಿ ನಾಕೆಯಲ್ಲಿ, ಅಂದರೆ ಸುಂಕದ ಕಟ್ಟೆಯಲ್ಲಿ, ಕಾರಕೂನ. ನಮ್ಮೂರು ಸೊರಡಿಯಿಂದ ಗಾಡಿದಾರಿ ಹಿಡಿದು ಮೂಡಲಕ್ಕೆ ಹೋಗುತ್ತ ಹೋಗುತ್ತ ಒಂದು ಹಳ್ಳ ಸಿಗುತ್ತಿತ್ತು. ಈ ದಂಡೆಗೆ ಸಂಸ್ಥಾನ ಮುಗಿಯಿತು. ಆ ದಂಡೆಯಿಂದ ಖಾಲ್ಸಾ, ಅಂದರೆ ನೇರ ಸರಕಾರದ ಮುಲೂಖು. ಈ ದಂಡೆಯ ನಾಕೆಯಲ್ಲಿ ಮಾಮಾ, ಆ ದಂಡೆಯ ನಾಕೆಯಲ್ಲಿ ದಸ್ತಗೀರಸಾಬರು. ಇಬ್ಬರೂ ಅಂಗಳಕ್ಕೆ ಬಂದು ನಿಂತರೆ ಒಬ್ಬರ ಕೆಮ್ಮು ಒಬ್ಬರಿಗೆ ಕೇಳುತ್ತಿತ್ತು.

ಎರಡೂ ಸರಕಾರಗಳ ನಡುವೆ ಒಂದು ಕರಾರು ಇತ್ತು. ಒಂದು ನಾಕೆಯಲ್ಲಿ ಬಿಚ್ಚಿ ನೋಡಿ, ಜಕಾತಿ ತುಂಬಿಸಿಕೊಂಡು, ಹಗ್ಗದ ಗಂಟಿನ ಮೇಲೆ ಅರಗಿನ ಮೊಹರು ಒತ್ತಿದ ಮಾಲನ್ನು ಇನ್ನೊಂದು ನಾಕೆಯಲ್ಲಿ ಮತ್ತೆ ಬಿಚ್ಚಬಾರದು. ಮೊಹರು ಸರಿಯಾಗಿದ್ದರೆ ಅದನ್ನು ಒಡೆದು, ಆ ಚೂರುಗಳನ್ನು ಒತ್ತಿದವನಿಗೇ ಮರಳಿ ಕಳಿಸಬೇಕು. ಗಾಡಿ ಮುಟ್ಟಿತು ಎನ್ನುವುದಕ್ಕೆ ಅದೇ ಗುರುತು. ಯಾವ ಗಾಡಿಯ ಮೇಲಾದರೂ ಅನುಮಾನ ಬಂದರೆ ಈ ನಾಕೆ ಆ ನಾಕೆಯನ್ನು ಕೇಳಬೇಕು, ಕೇಳಿಸಿಕೊಂಡವರು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹೇಳಿದ್ದನ್ನು ಇವರು ನಂಬಬೇಕು. ದೊಡ್ಡ ದೊಡ್ಡ ಸಾಹೇಬರು ಕೂಡಿ ಮಾಡಿದ ಕರಾರು, ನಡೆದದ್ದು ಮಾತ್ರ ಈ ಇಬ್ಬರ ನಾಲಿಗೆಯ ಮೇಲೆ.

ಒಮ್ಮೆ ಸನಮಡಿ ಕಡೆಯ ಕುರುಬನೊಬ್ಬ ಕುರಿ ಹೊಡೆದುಕೊಂಡು ಹೊರಟಿದ್ದ. ಮಾಮಾ ಎಣಿಸಿ ಚೀಟಿ ಕೊಟ್ಟು ಕಳಿಸಿದ. ಹಳ್ಳದ ನಡುವೆ ಒಂದು ಕುರಿ ಈದುಬಿಟ್ಟಿತು. ಆ ದಂಡೆಯಲ್ಲಿ ದಸ್ತಗೀರಸಾಬರು ಎಣಿಸಿದರೆ ಒಂದು ಹೆಚ್ಚು. ಕೂಗಿ ಕರೆದರು, ಮಾಮಾ ಧೋತರ ಎತ್ತಿಕಟ್ಟಿ ಹಳ್ಳ ದಾಟಿ ಹೋದ.

"ಇದು ನಿಮ್ಮ ಮುಲೂಖದ್ದೋ ನಮ್ಮದೋ ಹೇಳ್ರಿ ಅಣ್ಣಾರ," ಎಂದರು ದಸ್ತಗೀರಸಾಬರು, ಮರಿಯನ್ನು ತೊಡೆಯ ಮೇಲೆ ಇಟ್ಟುಕೊಂಡು.

"ತಾಯಿ ನಮ್ಮಾಕಿ. ಹುಟ್ಟಿದ್ದು ನಡುನೀರಾಗ. ತೊಡಿ ಮ್ಯಾಲ ಇಟ್ಕೊಂಡವ್ರು ನೀವು," ಎಂದ ಮಾಮಾ ಗಂಭೀರವಾಗಿ. ಕುರುಬ ಕೈಮುಗಿದು, "ಸಾಹೇಬ್ರ, ನೀವು ನಿಕಾಲಿ ಮಾಡೂದ್ರಾಗ ಇದು ಟಗರಾಗ್ತೈತ್ರಿ" ಎಂದನಂತೆ. ಕೊನೆಗೆ ಆ ಮರಿ ಹಳ್ಳದ್ದು, ಹಳ್ಳಕ್ಕೆ ಜಕಾತಿ ಇಲ್ಲ ಎಂದು ತೀರ್ಮಾನವಾಯಿತು. ಈ ಕಥೆಯನ್ನು ಹೇಳುವಾಗ ಮಾಮಾ ಒಮ್ಮೆಯೂ ನಗುತ್ತಿರಲಿಲ್ಲ. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಕಟ್ಟಿದ ಗಂಟು ಕಂಡರೆ ಅವನಿಗೆ ಕೈ ತಡೆಯುತ್ತಿರಲಿಲ್ಲ. ನಮ್ಮವ್ವನ ಬುತ್ತಿ ಗಂಟನ್ನೂ ಬಿಟ್ಟವನಲ್ಲ. "ಬಿಚ್ಚಿ ನೋಡೂನು, ಆಮ್ಯಾಲ ಮಾತಾಡೂನು," ಇದು ಅವನ ಮಾತು. ಯಾರಾದರೂ ಓಣಿಯ ಸುದ್ದಿ ತಂದರೂ ಇದೇ, ನನಗೆ ವರ ನೋಡುವಾಗಲೂ ಇದೇ. ಅಂಥವನು ಜೀವಮಾನದಲ್ಲಿ ಒಂದೇ ಒಂದು ಗಾಡಿಯನ್ನು ಬಿಚ್ಚದೆ ಬಿಟ್ಟ. ಅದು ನನ್ನದು.

ಸ್ವಾತಂತ್ರ್ಯ ಬಂದ ವರ್ಷ, ತುಳಸಿ ಲಗ್ನ ಮುಗಿದ ಮೇಲೆ ನನ್ನ ಮದುವೆಯಾಯಿತು. ಸಂಸ್ಥಾನ ಇನ್ನೂ ವಿಲೀನವಾಗಿರಲಿಲ್ಲ. ಗಂಡನ ಮನೆ ಖಾಲ್ಸಾದಲ್ಲಿ. ಸಕ್ಕರೆಗೆ ಕಂಟ್ರೋಲು, ಪರವಾನಗಿ ಇಲ್ಲದೆ ಗಡಿ ದಾಟಿಸುವ ಹಾಗಿರಲಿಲ್ಲ. ನಮ್ಮಪ್ಪ ಕಿರಾಣಿ ವ್ಯಾಪಾರಿ. ಬೀಗರ ಮುಂದೆ ಮೀಸೆ ತಿರುವುವ ಆಸೆಗೋ, ನಾಕೆಯಲ್ಲಿ ಹೆಂಡತಿಯ ತಮ್ಮ ಇದ್ದಾನೆಂಬ ಧೈರ್ಯಕ್ಕೋ, ಗಾಡಿಯ ತಳಕ್ಕೆ ಸಕ್ಕರೆ ಚೀಲ ಹಾಕಿ, ಮೇಲೆ ಕೌದಿ ಹಾಸಿ, ಅದರ ಮೇಲೆ ನನ್ನನ್ನು ಕೂರಿಸಿದ. ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೆಂದು ಸಾವಿರ ಸಲ ಹೇಳಿಕೊಂಡಿದ್ದೇನೆ. ನನ್ನ ಮನಸ್ಸು ಅದನ್ನು ಕೇಳಲು ತಯಾರಿಲ್ಲ.

ನಾಕೆಯ ತನಕ ಅವ್ವ ಕಳಿಸಲು ಬಂದಿದ್ದಳು. ಮಾಮಾ ರೂಢಿಯಂತೆ ಹಗ್ಗಕ್ಕೆ ಕೈ ಹಾಕಿದ. ಉಡಿ ತುಂಬಿಸಿಕೊಂಡು ಹೊರಟ ಮದುಮಗಳ ಗಾಡಿಯ ಗಂಟನ್ನು ಗಂಡನ ಮನೆಯ ಹೊಸ್ತಿಲು ಮುಟ್ಟುವ ತನಕ ಬಿಚ್ಚಬಾರದು. ಬಿಚ್ಚಿದರೆ ಉಡಿ ಚೆಲ್ಲಿದ ಹಾಗೆ ಎಂದು ನಮ್ಮಲ್ಲಿ ನಂಬಿಕೆ.

"ಏ ಗುರುಬಸೂ, ಗಂಗವ್ವನ ಉಡಿಗಂಟು ಬಿಚ್ಚಾಂವೇನೋ?" ಎಂದಳು ಅವ್ವ.

ಮಾಮಾನ ಕೈ ಅಲ್ಲೇ ನಿಂತಿತು. ಅವನು ಎತ್ತುಗಳನ್ನು ನೋಡಿದ. ಅವು ಏದುಸಿರು ಬಿಡುತ್ತಿದ್ದವು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿ ಅಳುತ್ತ ಕೂತ ನನ್ನನ್ನು ನೋಡಿದ. ಅರಗು ಕಾಸಿ ಗಂಟಿನ ಮೇಲೆ ಮೊಹರು ಒತ್ತಿಬಿಟ್ಟ. ಆ ದಂಡೆಯಲ್ಲಿ ದಸ್ತಗೀರಸಾಬರು ಮೊಹರು ನೋಡಿ, ಒಡೆದು, "ಚಂದಾಗಿ ಬಾಳ್ವೆ ಮಾಡವ್ವಾ ತಂಗಿ" ಎಂದು ದಾರಿ ಬಿಟ್ಟರು. ಚೂರುಗಳನ್ನು ಈ ಕಡೆ ಬರುತ್ತಿದ್ದ ಗಾಡಿಯವನ ಕೈಯಲ್ಲಿ ಮಾಮಾನಿಗೆ ಕಳಿಸಿದರು.

ಮುಂದೆ ದಾರಿಯಲ್ಲಿ ತಪಾಸಣೆಯ ಫಿರತಿಗೆ ಬಂದಿದ್ದ ಸಾಹೇಬನೊಬ್ಬ ನಮ್ಮನ್ನು ನಿಲ್ಲಿಸಿದ. ಅವನಿಗೆ ಉಡಿಯೂ ಇಲ್ಲ, ಗಿಡಿಯೂ ಇಲ್ಲ. ನನ್ನನ್ನು ಇಳಿಸಿ ಕೌದಿ ಎತ್ತಿಸಿದ. ಸಕ್ಕರೆ ಜಪ್ತಾಯಿತು, ಜೊತೆಗೆ ಬಂದಿದ್ದ ಕಾಕಾ ದಂಡ ಕಟ್ಟಿದ, ನಾನು ಗಂಡನ ಮನೆ ಸೇರಿದೆ. ಅಷ್ಟಕ್ಕೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಮುಂದಿನದು ನನಗೆ ಸಂಕ್ರಾಂತಿಗೆ ತವರಿಗೆ ಬಂದಾಗ ಗೊತ್ತಾಯಿತು. ಅವ್ವ ಒಲೆಯ ಮುಂದೆ ಕೂತು ಹೇಳಿದಳು. ಆ ಗಾಡಿಯನ್ನು ಹೇಗೆ ಬಿಟ್ಟೆ ಎಂದು ಮೇಲಿನವರು ದಸ್ತಗೀರಸಾಬರನ್ನು ಹಿಡಿದರಂತೆ. "ಸಂಸ್ಥಾನದ ಮೊಹರಿತ್ತು, ಬಿಟ್ಟೆ" ಎಂದರು. "ತೋರಿಸು" ಎಂದರೆ ಚೂರುಗಳು ಇರುವುದು ಮಾಮಾನ ಹತ್ತಿರ. ಸರಿ, ಕರಾರಿನ ಪ್ರಕಾರ ಅಲ್ಲಿಂದ ಒಬ್ಬ ಸಿಪಾಯಿ ಹಳ್ಳ ದಾಟಿ ಕೇಳಲು ಬಂದ: ನೀವು ಮೊಹರು ಒತ್ತಿದಿರೋ ಇಲ್ಲವೋ?

ಹೌದೆಂದರೆ ಮಾಮಾನ ನೌಕರಿ ಹೋಗುತ್ತಿತ್ತು. ಅದಕ್ಕೆ ಅವನು ಹೆದರಲಿಲ್ಲ ಎಂದು ಅವ್ವನೇ ಹೇಳಿದಳು. ಆದರೆ ಬರೀ ಕಳ್ಳಮಾಲಿಗೆ ದಂಡ ಕಟ್ಟಿದರೆ ಸಾಕಿತ್ತು, ಸರಕಾರಿ ಮೊಹರಿನ ಕೆಳಗೆ ಸಾಗಿಸಿದ್ದಕ್ಕೆ ಅಪ್ಪ ಜೇಲಿಗೆ ಹೋಗುತ್ತಿದ್ದ. ಅವ್ವ ಹಿಂದಿನ ದಿನವೇ ತಮ್ಮನ ಕಾಲು ಹಿಡಿದಿದ್ದಳು: "ಪೋರಿ ಗಂಡನ ಮನಿಗಿ ಹೋಗಿ ಎಂಟ ದಿನ ಆಗಿಲ್ಲೋ ತಮ್ಮಾ. ಅವರಪ್ಪನ ಕೈಗಿ ಬೇಡಿ ಬಿದ್ರ ಬೀಗರು ಆಕೀನ ಇಟ್ಕೊಳ್ತಾರೇನೋ?"

ಮಾಮಾ ಸಿಪಾಯಿಗೆ "ಇಲ್ಲ" ಎಂದ. ಅವನ "ಇಲ್ಲ"ವನ್ನು ಆ ದಂಡೆಯವರು ನಂಬಿದರು, ಕರಾರೇ ಹಾಗಿತ್ತು. ದಸ್ತಗೀರಸಾಬರ ನೌಕರಿ ಹೋಯಿತು, ಲಂಚ ತಿಂದವನೆಂಬ ಹೆಸರೂ ಬಂತು. ಅವ್ವ ಇದನ್ನು ಹೇಳುವಷ್ಟರಲ್ಲಿ ಸಕ್ಕರೆಯ ಕಂಟ್ರೋಲೇ ಎದ್ದುಹೋಗಿತ್ತು. ಬೇಸಿಗೆ ಬರುವ ಮೊದಲೇ ಸಂಸ್ಥಾನ ವಿಲೀನವಾಗಿ ಹಳ್ಳದ ಎರಡೂ ನಾಕೆ ಮುಚ್ಚಿದವು. ಇನ್ನು ಸ್ವಲ್ಪ ದಿನ ತಡೆದಿದ್ದರೆ ಅಪ್ಪ ಅದೇ ಸಕ್ಕರೆಯನ್ನು ವಾಲಗ ಊದಿಸಿಕೊಂಡು ಒಯ್ಯಬಹುದಿತ್ತು. ನೆನೆಸಿಕೊಂಡರೆ ಸಿಟ್ಟೂ ಬರುತ್ತದೆ, ನಗೆಯೂ ಬರುತ್ತದೆ, ಆಮೇಲೆ ನನ್ನ ಸಂಸಾರ, ಮಕ್ಕಳು, ಮನೆ ಎಲ್ಲವೂ ಆ ಒಂದು "ಇಲ್ಲ"ದ ಮೇಲೆ ನಿಂತಿವೆ ಎಂಬುದೂ ನೆನಪಿಗೆ ಬರುತ್ತದೆ.

ಮಾಮಾನಿಗೆ ಜತ್ತದ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅರಗಿನ ಕೆಲಸ ಬಂದರೆ ಪಕ್ಕದವನ ಕಡೆ ಸರಿಸುತ್ತಿದ್ದನಂತೆ. ದಸ್ತಗೀರಸಾಬರು ನನ್ನ ಗಂಡನ ಊರಿನ ಹತ್ತಿರದ ಪೇಟೆಯಲ್ಲಿ ಹರಿದ ಚೀಲ ಹೊಲಿಯುತ್ತ ಕೂತರು. ಪ್ರತಿ ವರ್ಷ ಸುಗ್ಗಿ ಮುಗಿಯುತ್ತಲೇ ಮಾಮಾ ನಮ್ಮ ಮನೆಗೆ ಬರುತ್ತಿದ್ದ. ಮರುದಿನ, "ನಡಿ ಗಂಗವ್ವಾ, ದಸ್ತಗೀರಣ್ಣನ್ನ ನೋಡಿ ಬರೂನು. ಈ ಸಲ ಹೇಳೇ ಬಿಡ್ತೀನಿ" ಎನ್ನುತ್ತಿದ್ದ. ಗಾಡಿಯಲ್ಲಿ ಹೋಗುವಾಗ ದಾರಿಯುದ್ದಕ್ಕೂ ತುಟಿ ಅಲುಗಿಸುತ್ತ, ಹೇಳಬೇಕಾದ ಮಾತನ್ನು ಸಾಲಿ ಹುಡುಗರು ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿಕೊಳ್ಳುತ್ತಿದ್ದ.

ದಸ್ತಗೀರಸಾಬರು ಚೀಲ ಹಾಸಿ, "ಕುಂದ್ರಿ ಅಣ್ಣಾರ" ಎನ್ನುತ್ತಿದ್ದರು. ಮಾಮಾ, "ದಸ್ತಗೀರಣ್ಣಾ, ಅವತ್ತ ನಮ್ಮ ಗಂಗವ್ವನ ಗಾಡಿ..." ಎಂದು ಶುರು ಮಾಡಿದ ಕೂಡಲೇ ಅವರು, "ಮದ್ಲ ಚಾ ಕುಡೀರಿ, ಆರ್ತೈತಿ" ಎನ್ನುವರು. ಚಹಾ ಮುಗಿದು ಮತ್ತೆ ಬಾಯಿ ತೆರೆದರೆ, "ಈ ಸಲ ನಿಮ್ಮ ಕಡಿ ಜ್ವಾಳ ಹ್ಯಾಂಗ್ರಿ?" ಎಂದು ಕೇಳುವರು. ಮಾಮಾ ಜೋಳದ ಲೆಕ್ಕ ಹೇಳಿ ಎದ್ದು ಬರುತ್ತಿದ್ದ. ಹೊಸ ರಾಜ್ಯಗಳಾಗಿ, ಜತ್ತ ಒಂದು ಕಡೆ, ನನ್ನ ಗಂಡನ ಊರು ಇನ್ನೊಂದು ಕಡೆ ಆದ ವರ್ಷವೂ ಬಂದ, ಹೇಳದೆಯೇ ಹೋದ. ನಾನಾದರೂ ಹೇಳಬಹುದಿತ್ತು. ಅದು ಮಾಮಾನ ಬಾಯಿಂದಲೇ ಬರಬೇಕೆಂದು ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಅನುಕೂಲವೂ ಆಗಿತ್ತು.

ಅದಾದ ಮೇಲಿನ ಸುಗ್ಗಿಗೆ ಮಾಮಾ ಬರಲಿಲ್ಲ. ಎದೆನೋವೆಂದು ಮಲಗಿದವನು ಏಳಲೇ ಇಲ್ಲ. ಮಣ್ಣು ಮಾಡಿ ಬಂದ ಮೇಲೆ ನಾನೊಬ್ಬಳೇ ಪೇಟೆಗೆ ಹೋಗಿ ದಸ್ತಗೀರಸಾಬರ ಎದುರು ಕೂತೆ. ಸುದ್ದಿ ಹೇಳಿದೆ. ಚಹಾ ತರಿಸಹೋದವರನ್ನು ತಡೆದು ಎಲ್ಲವನ್ನೂ ಹೇಳಿದೆ: ಸಕ್ಕರೆ, ಉಡಿ, ಅವ್ವ ಕಾಲು ಹಿಡಿದದ್ದು, ಮಾಮಾ ಇಲ್ಲವೆಂದದ್ದು. ಅವನ ಪರವಾಗಿ ತಪ್ಪಾಯಿತು ಎಂದೆ.

ಅವರು ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟರು.

"ಹೇಳಾಕ ಬರ್ತಾರ ಅಂತ ನನಗ ಗೊತ್ತಿತ್ತವ್ವಾ. ಮದಲನೇ ವರ್ಷ ಸಿಟ್ಟಿತ್ತು, ಹೇಳಾಕ ಕೊಡಬಾರ್ದು ಅಂತ ಮಾತು ತಿರುವಿದ್ನಿ. ಆಮ್ಯಾಲ ಅಂಜಿಕಿ ಹತ್ತಿತು. ನೌಕರಿ ಹೋದ ಮ್ಯಾಲ ನನ್ನ ಮನಿಗಿ ಬರಾವ್ರು ಅವರೊಬ್ರ. ಹೇಳಿ ಹಗುರಾದ್ರ ಮತ್ತ ಯಾಕ ಬರ್ತಾರ? ಅದಕ್ಕ ಹೇಳಗೊಡಲಿಲ್ಲ."

ಅವರು ಕಣ್ಣೊರಸಿಕೊಂಡು ನನ್ನ ಮುಖವನ್ನೇ ನೋಡುತ್ತ ಕೇಳಿದರು:

"ಈಗ ನೀ ಹೇಳಿಬಿಟ್ಟಿ. ಇನ್ನ ನೀನೂ ಬರೂದಿಲ್ಲೇನವ್ವಾ?"