ಕೈ ತಡೆದ ಮೇಡಂ

ಮೇಡಂ ಅವರ ಮುಂದಿನ ಹಲ್ಲೊಂದು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಎಡಗಡೆಯದೋ ಬಲಗಡೆಯದೋ? ಹಲ್ಲಿನ ವೈದ್ಯನಾದ ನನಗೆ ಇಷ್ಟಾದರೂ ಗೊತ್ತಿರಬೇಕು. ನನ್ನ ನೆನಪಿನಲ್ಲಿ ಎಡ, ಸೆಲ್ಫಿಯಲ್ಲಿ ಬಲ. ಸೆಲ್ಫಿಯನ್ನೂ ನಂಬಬೇಡ, ಅದು ಕನ್ನಡಿಯ ಹಾಗೆ ಎಡಬಲ ತಿರುಗಿಸುತ್ತದೆ ಅನ್ನುತ್ತಾನೆ ಜೊತೆಗೆ ಕಲಿತ ಗೆಳೆಯ. ಸರಿಪಡಿಸಿಕೊಳ್ಳಬಾರದೇ ಎಂದು ಕೇಳಿದರೆ ಮೇಡಂ, "ಇದು ಹಿಂಗ ಇರೋದಕ್ಕ ಪೇಷಂಟು ನನ್ನ ಮುಂದ ಧೈರ್ಯಾಗಿ ಬಾಯಿ ತೆಗೀತಾರ" ಎಂದು ನಗುತ್ತಿದ್ದರು.

ಭಾನುವಾರ ಕುರುಗೋಡಿನಿಂದ ಬಸ್ಸಿನಲ್ಲಿ ಬಂದು, ಗಾಂಧಿನಗರದ ಕ್ಲಿನಿಕ್ಕೊಂದರ ಮಹಡಿಯಲ್ಲಿ ಏಳೆಂಟು ವೈದ್ಯರಿಗೆ ಇಂಪ್ಲಾಂಟ್ ಕಲಿಸುತ್ತಿದ್ದರು. ದವಡೆಯ ಎಲುಬಿಗೆ ಸ್ಕ್ರೂ ಕೂರಿಸಿ, ಅದರ ಮೇಲೆ ಹಲ್ಲು ಕಟ್ಟುವ ವಿದ್ಯೆ ಅದು. ಮಾಂಸ ಮುಟ್ಟದ ಮನೆತನದವರಾದರೂ, ಅಂಗಡಿಯಿಂದ ಕುರಿಯ ದವಡೆ ತರಿಸಿ ನಮ್ಮ ಕೈಯಿಂದ ಡ್ರಿಲ್ಲಿನಲ್ಲಿ ಕೊರೆಸುತ್ತಿದ್ದರು. "ಸದ್ದು ಕೇಳ್ರಿ. ಗಟ್ಟಿ ಎಲುಬು ಬೈತೈತಿ. ಮೆತ್ತಗಿಂದು ಸುಮ್ನಿರ್ತೈತಿ, ಅದಕ್ಕ ಹೆದರ್ರಿ."

ಅವರದೊಂದು ನಿಯಮವಿತ್ತು. ರೋಗಿಯ ಬಾಯಿಗೆ ಕೈ ಹಾಕುವ ಮೊದಲು ಅವರ ಜೊತೆ ಕೂತು ತಿನ್ನಬೇಕು. ಹೇಗೆ ಕಚ್ಚುತ್ತಾರೆ, ಹೇಗೆ ಅಗಿಯುತ್ತಾರೆ ನೋಡಬೇಕು.

ನನ್ನ ಮೊದಲ ರೋಗಿ ಸಿರಿಗೇರಿಯ ಟೇಲರ್ ಚಾಚಾ. ಸೈಕಲ್ಲಿನಿಂದ ಬಿದ್ದು ಮೇಲಿನ ಮುಂದಿನ ಹಲ್ಲೊಂದನ್ನು ಕಳೆದುಕೊಂಡಿದ್ದರು. ನಾನಾಗಲೇ ಸಿರುಗುಪ್ಪದ ನನ್ನ ಕ್ಲಿನಿಕ್ಕಿಗೆ 'ಇಲ್ಲಿ ಇಂಪ್ಲಾಂಟ್ ಮಾಡಲಾಗುವುದು' ಎಂದು ಬೋರ್ಡು ಬರೆಸಿ ತೂಗುಹಾಕಿದ್ದೆ. ಚಾಚಾರ ದವಡೆಯ ಸ್ಕ್ಯಾನನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಗಾಂಧಿನಗರದ ಕ್ಲಿನಿಕ್ಕಿನ ಕೆಳಗಿನ ಹೋಟೆಲಿನಲ್ಲಿ, ನಿಯಮದಂತೆ ಎಲ್ಲರೂ ಕೂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿನ್ನುವಾಗ ಚಾಚಾ ನನ್ನ ಹೊಸ ಅಂಗಿಯ ತೋಳಿನಲ್ಲಿ ಜೋತಾಡುತ್ತಿದ್ದ ದಾರ ಕಂಡರು. ನನ್ನ ಕೈ ಎಳೆದುಕೊಂಡು ಹಲ್ಲಿನಿಂದ ಕಡಿದೇಬಿಟ್ಟರು. ಎಲ್ಲರೂ ನಕ್ಕೆವು. ಮೇಡಂ ನಗಲಿಲ್ಲ.

ಮೇಲೆ ಬಂದು ಗ್ಲೌಸು ಹಾಕಿ ನಿಂತಾಗ ಅವರೆಂದರು: "ಕೈ ತೆಗೀರಿ. ಕಣ್ಣು ಇಡ್ರಿ."

ಎಲುಬು ಸ್ಕ್ರೂವನ್ನು ಹಿಡಿದುಕೊಳ್ಳಲು ತಿಂಗಳುಗಳು ಬೇಕು. ಈ ಮನುಷ್ಯ ನಾಳೆಯೇ ಅಲ್ಲಿ ದಾರ ಕಚ್ಚುತ್ತಾನೆ, ಎಲ್ಲ ಅಲುಗಾಡಿ ಹೋಗುತ್ತದೆ. ಪಕ್ಕದ ಹಲ್ಲಿನ ಅಂಚಿನಲ್ಲಿ ದಾರ ಕೊರೆದ ಗುರುತೇ ಇತ್ತು, ನಾನು ಕಂಡಿರಲಿಲ್ಲ. ಆ ಚಾಳಿ ಬಿಡಿಸಿ ಕರೆದುಕೊಂಡು ಬನ್ನಿ, ಅಲ್ಲಿಯವರೆಗೆ ನಿಮಗೆ ಬೇರೆ ರೋಗಿಯಿಲ್ಲ ಎಂದರು ಮೇಡಂ.

ಊರಲ್ಲಿ ಬೋರ್ಡು ನೇತಾಡುತ್ತಿತ್ತು. ಬೈಕು ಹತ್ತಿ ಸಿರಿಗೇರಿಗೆ ಹೋಗಿ ಅಂಗಡಿಯ ಬೆಂಚಿನ ಮೇಲೆ ಕೂತೆ. ದಾರ ಬಾಯಿಗೆ ಹೋದಾಗಲೆಲ್ಲ ಕೆಮ್ಮಿದೆ. ಚಾಚಾ ಗಿರಾಕಿಗಳ ಮುಂದೆಯೇ ಅಣಕಿಸಿದರು: "ಮೂವತ್ತು ವರ್ಷದಾಗ ನನ್ನ ಹೆಂಡ್ತಿ ಇಷ್ಟು ನನ್ನ ಮಾರಿ ನೋಡಿಲ್ರಿ."

ನಾಲ್ಕು ವಾರ ಹೋದೆ ಎಂದು ನನ್ನ ಲೆಕ್ಕ. ಎರಡೇ ಎಂದು ಚಾಚಾ ಹೇಳುತ್ತಾರೆ. ಕೆಮ್ಮಿನಿಂದ ಏನೂ ಆಗಲಿಲ್ಲ. ಕೆಮ್ಮುವುದನ್ನು ಬಿಟ್ಟು ನೋಡತೊಡಗಿದಾಗ ತಿಳಿಯಿತು: ಕತ್ತರಿ ಅವರ ಬೆನ್ನ ಹಿಂದಿನ ಮೊಳೆಯಲ್ಲಿತ್ತು. ತಿರುಗುವುದಕ್ಕಿಂತ ಹಲ್ಲೇ ಹತ್ತಿರ. ಮರುದಿನ ಒಂದು ಪುಟ್ಟ ಕತ್ತರಿ ಕೊಂಡು ಮೆಷಿನ್ನಿಗೇ ಕಟ್ಟಿದೆ. ಮುಂದಿನ ಸಲ ಹೋದಾಗ ಚಾಚಾರ ಕೈ ತಾನಾಗಿ ಅದರತ್ತ ಹೋಗುತ್ತಿತ್ತು.

ಮತ್ತೆ ಗಾಂಧಿನಗರ. ಮೇಡಂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದು ಕುರ್ಚಿಯಲ್ಲಿ ಒರಗಿದ್ದ ಚಾಚಾರನ್ನು: "ಈ ಡಾಕ್ಟ್ರು ತಯಾರಾಗ್ಯಾರೇನ್ರಿ?"

"ಆಗ್ಯಾರ್ರಿ. ಮೊದ್ಲು ಬರೇ ಕೆಮ್ಮತಿದ್ರು. ಈಗ ನೋಡಾಕ ಕಲ್ತಾರ."

ಮೇಡಂ ಸ್ಟೂಲು ಬಿಟ್ಟೆದ್ದು ಅದನ್ನು ಕಾಲಿನಿಂದ ನನ್ನತ್ತ ತಳ್ಳಿದರು. ಎಲುಬು ಚೆನ್ನಾಗಿ ಬೈಯಿತು.

ಈಗ ಅವರು ಕಲಿಸುವುದನ್ನು ನಿಲ್ಲಿಸಿದ್ದಾರೆ. ಹೊಸ ರೋಗಿ ಬಂದಾಗ ಇಂದಿಗೂ ನಾನು ಗ್ಲೌಸು ಹಾಕಲು ತಡಮಾಡುತ್ತೇನೆ. ಕ್ಲಿನಿಕ್ಕಿನ ಗೋಡೆಯಲ್ಲಿರುವ ಕೋರ್ಸಿನ ಪ್ರಮಾಣಪತ್ರದಲ್ಲಿ ಎರಡು ಸಹಿಗಳಿವೆ. ಒಂದು ಮೇಡಂ ಅವರದು. ಪಕ್ಕದ್ದು, ಉರ್ದುವಿನಲ್ಲಿ, ಹಲ್ಲು ಕಟ್ಟಿಸಿಕೊಂಡ ದಿನ ಚಾಚಾ ಹಾಕಿದ್ದು. ತಾವು ಹಾಕಬಾರದು ಎಂದು ಚಾಚಾ ಹಿಂಜರಿದಾಗ, "ಕಲಿಸಿದವ್ರು ಸಹಿ ಹಾಕಬೇಕಲ್ರಿ" ಎಂದು ಪೆನ್ನು ಕೊಟ್ಟವರು ಮೇಡಂ.